ಗೆರೆಯಿಲ್ಲದ ಅಂಗೈ

ತುಂಗಮ್ಮನವರ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಇದು ಅತಿಶಯೋಕ್ತಿಯಲ್ಲ, ಅಲಂಕಾರಗಳನ್ನು ನಾನು ತರಗತಿಯ ಕರಿಹಲಗೆಯ ಮೇಲಲ್ಲದೆ ಬೇರೆಲ್ಲೂ ಬಳಸಿದವನಲ್ಲ. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ ಅವರ ಎರಡೂ ಅಂಗೈಗಳು, ಬಹುಕಾಲ ತುಳಿಸಿಕೊಂಡ ಹೊಸ್ತಿಲಿನಂತೆ ಗಟ್ಟಿಯಾಗಿ, ನುಣುಪಾಗಿ, ತುಸು ಹೊಳೆಯುತ್ತಿದ್ದವು. ಒಮ್ಮೆ ಶಿಕಾರಿಪುರದ ನಮ್ಮ ಬೀದಿಗೆ ಕಣಿ ಹೇಳುವ ಹೆಂಗಸೊಬ್ಬಳು ಬಂದಿದ್ದಳು. ಜಗಲಿಯ ಮೇಲೆ ಕುಳಿತು ತುಂಗಮ್ಮನವರ ಬಲಗೈ ಹಿಡಿದಳು; ಬೆಳಕಿಗೆ ತಿರುಗಿಸಿ ನೋಡಿದಳು. ಎಡಗೈ ಕೊಡೆಂದಳು, ಅದನ್ನೂ ನೋಡಿದಳು. ಬಳಿಕ ಮೊರದಲ್ಲಿ ಇಟ್ಟಿದ್ದ ಅಕ್ಕಿಯನ್ನು ಮುಟ್ಟದೆ ಎದ್ದು ನಿಂತಳು.

"ಯಾಕವ್ವ, ಏನೂ ಹೇಳ್ದೆ ಹೊಂಟೆ?" ಎಂದರು ತುಂಗಮ್ಮ.

"ಏನು ಹೇಳ್ಲಿ ತಾಯಿ. ಬರೆದಿದ್ದೆಲ್ಲ ಅಳಿಸಿ ಹೋಗೈತೆ."

"ಅಳಿಸಿಲ್ಲ ಕಣವ್ವ. ಹಗ್ಗ ಓದಿ ಮುಗಿಸೈತೆ. ಅಕ್ಕಿ ತಗಂಡು ಹೋಗು. ಕಣಿ ಹೇಳೋಳಾಗಿ ಸುಳ್ಳು ಹೇಳ್ಲಿಲ್ಲವಲ್ಲ ನೀನು, ಅದಕ್ಕೆ ಕೂಲಿ."

ಐವತ್ತರ ದಶಕದ ಕೊನೆಯ ವರ್ಷಗಳವು. ಸೊರಬದವನಾದ ನಾನು ಶಿಕಾರಿಪುರದ ಶಾಲೆಯೊಂದಕ್ಕೆ ಕನ್ನಡ ಉಪಾಧ್ಯಾಯನಾಗಿ ಬಂದು, ತುಂಗಮ್ಮನವರ ಮನೆಯ ಬೀದಿಗೆ ತೆರೆದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಅವರ ಪತಿ ಚಿತ್ರಗಾರ ರಂಗಪ್ಪನವರು. ಹಾಲೆಯ ಮರದಲ್ಲಿ ಬಟ್ಟಲು ಕಡೆದು ಅದಕ್ಕೆ ಅರಗಿನ ಬಣ್ಣ ಹಚ್ಚುವುದು ಆ ಮನೆಯ ಕಸುಬು. ನಡುಮನೆಯ ಕಂಬದ ಪಕ್ಕದಲ್ಲಿ ಮರ ಕಡೆಯುವ ಚರಕಿ. ಅದರ ಒಂದು ಬದಿಯಲ್ಲಿ ಉಳಿ ಹಿಡಿದ ರಂಗಪ್ಪ. ಎದುರು ಬದಿಯಲ್ಲಿ, ನೆಲಕ್ಕೆ ಹೂಳಿದ ಗೂಟಕ್ಕೆ ಪಾದ ಒತ್ತಿ ಕುಳಿತ ತುಂಗಮ್ಮ. ಚರಕಿಯ ದಿಂಡಿಗೆ ಸುತ್ತಿದ ಹಗ್ಗದ ಎರಡು ತುದಿಗಳೂ ಅವರ ಎರಡು ಕೈಗಳಲ್ಲಿ. ಬಲಗೈ ಎಳೆದಾಗ ಮರ ಒಂದು ಕಡೆಗೆ ತಿರುಗುವುದು. ಎಡಗೈ ಎಳೆದಾಗ ಮತ್ತೊಂದು ಕಡೆಗೆ. ಬಟ್ಟಲಿನ ಆಕಾರ ಬಂದ ಮೇಲೆ ರಂಗಪ್ಪನವರು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಹಗ್ಗ ನಿಧಾನವಾದರೆ ಅರಗು ಗಂಟುಗಂಟಾಗಿ ನಿಲ್ಲುವುದು. ಅವಸರವಾದರೆ ಸುಟ್ಟು ಕಂದುವುದು. ಕೊನೆಯಲ್ಲಿ ಕೇದಗೆಯ ಒಣಗಿದ ಎಲೆಯನ್ನು ಒತ್ತಿ ಹಿಡಿದರೆ, ಬಟ್ಟಲಿನ ಮೈಯಲ್ಲಿ ಕಿಟಕಿಯ ಸರಳುಗಳು ಕಾಣುವಷ್ಟು ಹೊಳಪು. ಪೇಟೆಯವರು ಅದನ್ನು "ರಂಗಪ್ಪನ ಬಟ್ಟಲು" ಎಂದೇ ಕರೆಯುತ್ತಿದ್ದರು. ಹಗ್ಗ ಎಳೆದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಆ ಮನೆಗೆ ಹೋದ ಮೊದಲ ವಾರ ನನಗೊಂದು ಸಂಗತಿ ವಿಚಿತ್ರವಾಗಿ ಕಂಡಿತು. ಗಂಡ ಹೆಂಡತಿ ಪರಸ್ಪರ ಮಾತನಾಡುತ್ತಿರಲಿಲ್ಲ. ಹೇಳಬೇಕಾದುದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು.

"ಕಂಬಪ್ಪಾ, ಸೀಗೆಕಾಯಿ ಮುಗಿದೈತೆ. ಸಂತೆಗೆ ಹೋಗೋರಿದ್ರೆ ಹೇಳು."

"ಕಂಬಪ್ಪಾ, ಹೋದ ಸಂತೇಲಿ ತಂದಿದ್ದು ಏನಾಯ್ತು ಅಂತ ಕೇಳು."

"ಕಂಬಪ್ಪಾ, ತಲೆ ಇದ್ದೋರು ತಿಕ್ಕಂಡ್ರು ಅಂತ ಹೇಳು. ಬೋಳುತಲೆಯೋರಿಗೆ ಯಾಕೆ ಲೆಕ್ಕ?"

ರಂಗಪ್ಪನವರು ತಮ್ಮ ಬೋಳುತಲೆಯನ್ನು ಸವರಿಕೊಂಡು ಚೀಲ ಹಿಡಿದು ಹೊರಡುವರು. ನಾನು ಆ ಮನೆಯಲ್ಲಿ ನೆಲೆಯಾದ ಮೇಲೆ ಕಂಬಕ್ಕೆ ಅಷ್ಟಿಷ್ಟು ವಿರಾಮ ದೊರೆಯಿತು. ಅದರ ಕೆಲಸ ನನ್ನ ಪಾಲಿಗೆ ಬಂತು. "ಮೇಷ್ಟ್ರೇ, ಹೇಳ್ರಿ ಅವ್ರಿಗೆ" ಎಂದು ಈ ಕಡೆಯಿಂದ. "ಮೇಷ್ಟ್ರೇ, ಕೇಳ್ರಿ ಅವ್ಳನ್ನ" ಎಂದು ಆ ಕಡೆಯಿಂದ. ನೋಡಿದವರು ನಗುತ್ತಿದ್ದರು. ನಾನೂ ಕಾರಣ ತಿಳಿಯುವವರೆಗೆ ನಕ್ಕಿದ್ದೇನೆ.

ಕಾರಣವನ್ನು ಹೇಳಿದವರು ತುಂಗಮ್ಮನವರೇ. ಅವರಿಗೆ ಒಬ್ಬನೇ ಮಗ, ಮಂಜುನಾಥ. ರಂಗಪ್ಪನವರ ಅಣ್ಣ ತಿಮ್ಮಪ್ಪನವರು ಚರಕಿಯನ್ನು ಬಿಟ್ಟು ಸೊರಬದಲ್ಲಿ ಅಡಕೆಯ ವ್ಯಾಪಾರಕ್ಕೆ ಕುಳಿತು ಚೆನ್ನಾಗಿ ಸಂಪಾದಿಸಿದ್ದರು, ಆದರೆ ಮಕ್ಕಳಿರಲಿಲ್ಲ. ತುಂಗಮ್ಮನವರು ತಂದೆಯ ಕರ್ಮಕ್ಕೆಂದು ತವರೂರಾದ ತೊಗರ್ಸಿಗೆ ಹೋಗಿದ್ದ ದಿನಗಳಲ್ಲಿ ಅಣ್ಣ ಬಂದು ತಮ್ಮನ ಕೈ ಹಿಡಿದು ಮಗುವನ್ನು ದತ್ತು ಕೇಳಿದರು. ರಂಗಪ್ಪನವರು ಅಣ್ಣನ ಮಾತಿಗೆ ಎದುರಾಡಿ ತಿಳಿಯದವರು, ಹೂಂ ಎಂದರು. ಹೆಂಡತಿ ತವರಿನಿಂದ ಮರಳಿದಾಗ ಮನೆಯಲ್ಲಿ ಮಗುವಿರಲಿಲ್ಲ. ಆಗತಾನೆ ಮಾತು ಬಂದು ಮುದ್ದು ಮುದ್ದಾಗಿ ತೊದಲುವ ವಯಸ್ಸು ಅವನದು. ಅಂದಿನಿಂದ ಅವನಿಗೆ ದೊಡ್ಡವ್ವನೇ ಅವ್ವ ಆದಳು, ಹೆತ್ತವಳು ಚಿಕ್ಕವ್ವ ಆದಳು.

"ನೀವು ಆಗಲೇ ಹಗ್ಗವನ್ನೂ ಬಿಡಬಹುದಾಗಿತ್ತಲ್ಲ?" ಎಂದು ನಾನು ಕೇಳಿದೆ.

"ಮಾತು ಬೇರೆ, ಕೆಲ್ಸ ಬೇರೆ ಮೇಷ್ಟ್ರೇ," ಎಂದರು. "ಬಟ್ಟಲು ಏನು ತಪ್ಪು ಮಾಡೈತೆ?"

ಈ ಮಾತನ್ನು ಅವರು ಆಗಾಗ ಹೇಳುತ್ತಿದ್ದರು. ಮಳೆಗೆ ಹಸಿಯಾದ ಕಟ್ಟಿಗೆ ಹೊಗೆಯಾಡಿದರೆ "ಒಲೆ ಏನು ತಪ್ಪು ಮಾಡೈತೆ" ಎನ್ನುವರು. ಬೆಕ್ಕು ಹಾಲು ಕುಡಿದರೆ "ಬೆಕ್ಕು ಏನು ತಪ್ಪು ಮಾಡೈತೆ" ಎನ್ನುವರು. ತಪ್ಪು ಮಾಡಿದವರು ಇಂಥವರೇ ಎಂದು ಅವರು ಒಮ್ಮೆ ನಿರ್ಣಯಿಸಿಬಿಟ್ಟಿದ್ದರು; ಉಳಿದ ಲೋಕವೆಲ್ಲ ಅವರ ದೃಷ್ಟಿಯಲ್ಲಿ ನಿರಪರಾಧಿಯಾಗಿತ್ತು.

ಮಾತಿಲ್ಲದ ಆ ಇಬ್ಬರು ಚರಕಿಯ ಮುಂದೆ ಕುಳಿತಾಗ ನೋಡಬೇಕಾಗಿತ್ತು. ರಂಗಪ್ಪನವರು ಉಳಿಯನ್ನು ಬಿಟ್ಟು ಅರಗಿನ ಕಡ್ಡಿಗೆ ಕೈ ಚಾಚುವ ಮೊದಲೇ ಹಗ್ಗದ ನಡೆ ಬದಲಾಗಿರುತ್ತಿತ್ತು. ಅವರು ಉಸಿರು ಬಿಗಿಹಿಡಿದರೆ ಇವರ ಎಳೆತ ಮೆತ್ತಗಾಗುವುದು; ಬಟ್ಟಲಿನ ಅಂಚು ಬಂತೆಂದರೆ ಚುರುಕಾಗುವುದು. ತುಂಗಮ್ಮನವರು ಒಮ್ಮೆ ತವರಿನ ಮದುವೆಗೆಂದು ಹೋದಾಗ ರಂಗಪ್ಪನವರು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಗಟ್ಟಿಮುಟ್ಟಾದ ಆಳೊಬ್ಬನನ್ನು ಹಗ್ಗಕ್ಕೆ ಕೂರಿಸಿಕೊಂಡರು. ಅವನಿಗೆ ಬಲಕ್ಕೆ ಕೊರತೆಯಿರಲಿಲ್ಲ. ಆದರೆ ಆ ದಿನಗಳ ಬಟ್ಟಲುಗಳ ಮೈಮೇಲೆಲ್ಲ ಕಂದು ಬಣ್ಣದ ಸುರುಳಿಗಳು. ಮರಳಿ ಬಂದ ತುಂಗಮ್ಮನವರು ಗೋಡೆಗೆ ಸಾಲಾಗಿ ಇಟ್ಟಿದ್ದ ಬಟ್ಟಲುಗಳನ್ನು ನೋಡಿ, "ಕಂಬಪ್ಪಾ, ಇವಕ್ಕೆಲ್ಲ ಹುಳುಕಡ್ಡಿ ಆಗೈತಲ್ಲೋ. ವೈದ್ಯರಿಗೆ ತೋರಿಸ್ಬಾರ್ದಿತ್ತೇ?" ಎಂದರು. ಕಾಲು ತೊಳೆದುಕೊಂಡವರೇ ತುಂಗಮ್ಮನವರು ಹಗ್ಗ ಹಿಡಿದು ಕುಳಿತರು.

ಅವರು ಹಗ್ಗ ಹಿಡಿಯಲು ಒಪ್ಪದ ಸಂದರ್ಭ ನಾನು ಕಂಡಂತೆ ಆವರೆಗೆ ಒಂದೇ. ಬರ್ಮಾದ ಯುದ್ಧದಿಂದ ಮರಳಿದ್ದ ಸಿಪಾಯಿಯೊಬ್ಬರು ಒಂದು ದಿನ ಕರವಸ್ತ್ರದಲ್ಲಿ ಸುತ್ತಿ ಒಂದು ಬಟ್ಟಲನ್ನು ತಂದರು. ಜಪಾನಿನದಂತೆ. ಹೊರಗೆ ಕಪ್ಪು, ಒಳಗೆ ಕುಂಕುಮದ ಕೆಂಪು. ಅಂಚಿನಲ್ಲಿ ಒಂದು ಕಡೆ ಚೂರು ಎದ್ದಿತ್ತು. ಅದನ್ನು ಸರಿಪಡಿಸಬೇಕೆಂಬುದು ಅವರ ಅಪೇಕ್ಷೆ. ರಂಗಪ್ಪನವರು ಆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಹೋದ ಮಗುವನ್ನು ಎಬ್ಬಿಸಲು ಮನಸ್ಸಿಲ್ಲದವರಂತೆ ಸುಮ್ಮನೆ ಸವರುತ್ತಿದ್ದರು. ಒಳಗಿನಿಂದ ಬಂದ ತುಂಗಮ್ಮನವರು ಬಾಗಿ ನೋಡಿ, "ಅಲ್ಲೂ ಹಗ್ಗ ಎಳೆಯೋಳು ಹೆಂಗಸೇ ಏನ್ರಿ?" ಎಂದು ಕೇಳಿದರು.

"ನಮಗೇನು ಗೊತ್ತವ್ವ," ಎಂದರು ಸಿಪಾಯಿ. "ಸತ್ತು ಬಿದ್ದಿದ್ದ ಒಬ್ಬ ಹುಡುಗನ ಚೀಲದಾಗೆ ಸಿಕ್ಕಿತ್ತು. ಚಂದ ಇತ್ತು, ಇಟ್ಕಂಡೆ."

ತುಂಗಮ್ಮನವರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಹಂಗಾದ್ರೆ ಅವನವ್ವ ಕೊಟ್ಟಿದ್ದು. ಮಗ ದೂರ ಹೊಂಟ ಅಂತ ಕೊಟ್ಟಿರ್ತಾಳೆ." ಬಳಿಕ ಕಂಬದತ್ತ ತಿರುಗಿ, "ಕಂಬಪ್ಪಾ, ಇದಕ್ಕೆ ನಾನು ಹಗ್ಗ ಹಿಡಿಯೋದಿಲ್ಲ ಅಂತ ಹೇಳು" ಎಂದು ಒಳಗೆ ನಡೆದರು. ಸಿಪಾಯಿ ಬಟ್ಟಲನ್ನು ಸುತ್ತಿಕೊಂಡು ಹೊರಟುಹೋದರು. ಬಹಳ ವರ್ಷಗಳ ಮೇಲೆ, ಉಪಾಧ್ಯಾಯ ವೃತ್ತಿಯನ್ನು ಬಿಟ್ಟ ಅನಂತರ, ಗ್ರಂಥಾಲಯವೊಂದರಲ್ಲಿ ಜಪಾನಿನ ಬಟ್ಟಲುಗಾರರನ್ನು ಕುರಿತ ಸಚಿತ್ರ ಪುಸ್ತಕವೊಂದು ನನ್ನ ಕೈಗೆ ಬಂತು. ಹಳೆಯದೊಂದು ಛಾಯಾಚಿತ್ರದಲ್ಲಿ ಉಳಿ ಹಿಡಿದ ಮುದುಕ. ಅವನ ಎದುರು, ಕಾಲು ಚಾಚಿ, ಎರಡು ಕೈಗಳಲ್ಲಿ ಹಗ್ಗ ಹಿಡಿದ ಹೆಂಗಸು. ಚಿತ್ರದ ಕೆಳಗೆ ಮುದುಕನ ಹೆಸರು ಮಾತ್ರ ಇತ್ತು. ತುಂಗಮ್ಮನವರ ಪ್ರಶ್ನೆಗೆ ಉತ್ತರ ದೊರೆತಿತ್ತು. ಹೋಗಿ ಹೇಳೋಣವೆಂದರೆ ಅವರಿರಲಿಲ್ಲ.

ಮಂಜುನಾಥನ ಮದುವೆ ನಿಶ್ಚಯವಾದದ್ದು ನಾನು ಆ ಮನೆಯಲ್ಲಿದ್ದಾಗಲೇ. ಹೆಣ್ಣು ಅಂಬ್ಲಿಗೊಳದ ಕಡೆಯವಳು. ಚಿತ್ರಗಾರರ ಬಳಗದಲ್ಲಿ ಒಂದು ಪದ್ಧತಿಯಿತ್ತು. ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಗಂಡಿನ ತಾಯಿ ಹೊಸ ಕೆಂಪು ಬಟ್ಟಲಿನಲ್ಲಿ ಹಾಲು ಕೊಡಬೇಕು; ಸೊಸೆ ಒಂದು ಗುಟುಕು ಕುಡಿದು ಒಳಗೆ ಬರಬೇಕು. ಆ ಬಟ್ಟಲನ್ನು ಆಕೆ ಜೋಪಾನವಾಗಿಟ್ಟು, ಮುಂದೆ ತನ್ನ ಮಗುವಿಗೆ ಅದರಲ್ಲಿಯೇ ಮೊದಲ ಅನ್ನ ಕಲಸಬೇಕು. ತಿಮ್ಮಪ್ಪನವರ ಮನೆಯಲ್ಲಿ ಚರಕಿಯಿಲ್ಲವಾದ್ದರಿಂದ ಹಾಲುಬಟ್ಟಲನ್ನು ತಮ್ಮನೇ ಮಾಡಬೇಕೆಂದು ಹೇಳಿ ಕಳುಹಿಸಿದರು.

ಅದು ಒಂದು ಭಾನುವಾರ ಮಧ್ಯಾಹ್ನ. ನಾನು ನಡುಮನೆಯಲ್ಲಿ ಕುಳಿತು ಮಕ್ಕಳ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಬಟ್ಟಲು ಕಡೆದು ಮುಗಿದಿತ್ತು. ರಂಗಪ್ಪನವರು ಕೆಂಪು ಅರಗಿನ ಕಡ್ಡಿ ಒತ್ತಿದ್ದರು. ಅರ್ಧ ಮೈಗೆ ಕೆಂಪು ಏರಿತ್ತು. ಹಗ್ಗ ನಿಂತಿತು.

"ಈ ಬಟ್ಟಲು ನನ್ನ ಕೈಯಿಂದ ಕೊಡಿಸ್ತೀರೇನು?"

ತುಂಗಮ್ಮನವರು ಈ ಮಾತನ್ನು ಕಂಬಕ್ಕೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಗಂಡನ ಮುಖವನ್ನು ನೋಡುತ್ತಿದ್ದರು. ಇಷ್ಟು ವರ್ಷಗಳ ಮೇಲೆ ಮೊದಲ ಸಲ. ರಂಗಪ್ಪನವರ ಕಣ್ಣು ಮಾತ್ರ ಬಟ್ಟಲಿನ ಮೇಲಿತ್ತು.

"ಎಳಿ. ಅರಗು ಆರ್ತೈತೆ."

"ಆರ್ಲಿ. ಕೇಳಿದ್ದಕ್ಕೆ ಹೇಳ್ರಿ."

"ಗೆರೆ ಬಿದ್ದುಬಿಡ್ತೈತೆ."

"ಬೀಳ್ಲಿ."

"ಕೊಡಿಸ್ತೀನಿ. ಅಣ್ಣಗೆ ಹೇಳ್ತೀನಿ. ಈಗ ಎಳಿ."

ಹಗ್ಗ ಮತ್ತೆ ನಡೆಯಿತು, ಮಾತು ಮತ್ತೆ ಕಂಬದ ಪಾಲಾಯಿತು. ನಾನು ಆ ಮನೆಯಲ್ಲಿ ಕಂಡ ಬಟ್ಟಲುಗಳಲ್ಲಿ ಅಂಥದು ಇನ್ನೊಂದಿಲ್ಲ. ರಂಗಪ್ಪನವರು ಬೇಕೆಂದು ಸುಳ್ಳು ಹೇಳಿದರೆಂದು ನಾನು ಇಂದಿಗೂ ನಂಬುವುದಿಲ್ಲ. ಅರಗು ಅರ್ಧ ಹತ್ತಿದ ಬಟ್ಟಲನ್ನು ಹಾಗೆಯೇ ನೋಡಿಕೊಂಡು ಕೂರಲು ಅವರಿಂದ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವರು ಹೂಂ ಎನ್ನುತ್ತಿದ್ದರು. ಅಣ್ಣನನ್ನು ಕೇಳುವ ಕೆಲಸವನ್ನು ನಾಳೆಗೆ, ನಾಡಿದ್ದಿಗೆ ಮುಂದೂಡಿದರು, ಕೊನೆಗೂ ಕೇಳಲಿಲ್ಲ.

ತುಂಗಮ್ಮನವರಿಗೆ ಅದು ತಿಳಿಯದು. ಅವರು ಆ ದಿನಗಳಲ್ಲಿ ಬೇರೆ ಮನುಷ್ಯರೇ ಆಗಿದ್ದರು. ದಿನವೂ ಸಂಜೆ ಅಂಗೈಗಳಿಗೆ ಹರಳೆಣ್ಣೆ ತಿಕ್ಕಿಕೊಳ್ಳುವರು. "ಹುಡುಗಿ ಗಲ್ಲ ಮುಟ್ಟಿದ್ರೆ ಒರಟಾಗ್ತೈತೋ ಏನೋ" ಎಂಬ ಚಿಂತೆ. ಒಂದು ಸಲ ಬಟ್ಟಲಿನಲ್ಲಿ ನೀರು ತುಂಬಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದರು.

"ಮೇಷ್ಟ್ರೇ, ಒಂಚೂರು ಸೊಸೆ ಆಗ್ರಿ."

ನಾನು ಕನ್ನಡಕ ತೆಗೆದಿಟ್ಟು ಹೊಸ್ತಿಲಿನ ಹೊರಗೆ ನಿಂತೆ.

"ತಲೆ ಬಗ್ಗಿಸ್ರಿ. ಸೊಸೆ ಹಿಂಗೆ ಹೆಡ್ಮಾಸ್ಟರ ಥರ ನಿಂತ್ಕಂತಾಳೇನು?"

ತಲೆ ಬಗ್ಗಿಸಿದೆ. ಅವರು ಎರಡು ಕೈಗಳಿಂದ ಬಟ್ಟಲನ್ನು ಮುಂದಕ್ಕೆ ಚಾಚಿ, "ಕುಡಿ ಮಗಳೇ" ಎಂದರು. ಒಂದು ತೊಟ್ಟೂ ತುಳುಕಲಿಲ್ಲ. ರಂಗಪ್ಪನವರು ಅಂಗಳದಿಂದ ಇದನ್ನು ನೋಡಿ, ಏನೋ ಮರೆತವರಂತೆ ಬೀದಿಗೆ ಹೊರಟುಹೋದರು.

ಮದುವೆಯ ದಿನ ಸೊರಬದ ತಿಮ್ಮಪ್ಪನವರ ಮನೆಯ ಬಾಗಿಲಲ್ಲಿ ತುಂಗಮ್ಮನವರು ಹಾಲು ತುಂಬಿದ ಬಟ್ಟಲು ಹಿಡಿದು ನಿಂತಿದ್ದರು. ವಧೂವರರು ಮೆಟ್ಟಿಲ ಬಳಿಗೆ ಬಂದರು. ಆಗ ಒಳಗಿನಿಂದ ತಿಮ್ಮಪ್ಪನವರ ಹೆಂಡತಿ ಗೌರಮ್ಮನವರು ಬಂದು, ಬಟ್ಟಲಿನ ಕೆಳಗೆ ತಮ್ಮ ಕೈಯಿಟ್ಟು, "ಕೊಡೇ ತಂಗಿ, ಹಾಲು ಆರ್ತದೆ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ; ತಮ್ಮದನ್ನು ತಾವು ತೆಗೆದುಕೊಳ್ಳುವವರ ಸಹಜತೆಯಿತ್ತು. ತುಂಗಮ್ಮನವರು ಬಿಡಲಿಲ್ಲ. "ಭಾವ ಒಪ್ಪಿದ್ದಾರಂತಲ್ಲ ಅಕ್ಕ" ಎಂದರು.

ಗೌರಮ್ಮನವರು ಗಂಡನ ಮುಖ ನೋಡಿದರು. ತಿಮ್ಮಪ್ಪನವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನನ್ನನ್ನು ಯಾರೂ ಕೇಳಿಲ್ಲ ತುಂಗಮ್ಮ. ಕೇಳಿದ್ರೂ ಒಪ್ತಿರ್ಲಿಲ್ಲ. ಕೊಟ್ಟಿದ್ದು ಕೊಟ್ಟಾಯ್ತು. ಹೊಸ್ತಿಲಲ್ಲಿ ನಿಂತು ವಾಪಸ್ ಕೇಳಿದ ಹಾಗೆ ಆಗ್ಬಾರ್ದು. ಹುಡುಗಂಗೆ ಒಳ್ಳೇದಲ್ಲ."

ತುಂಗಮ್ಮನವರು ತಿರುಗಿ ಗಂಡನನ್ನು ನೋಡಿದರು. ರಂಗಪ್ಪನವರು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಅವರು ಹೆಂಡತಿಯನ್ನು ನೋಡುತ್ತಿರಲಿಲ್ಲ. ಬಿಸಿಲಿಗೆ ಕೆಂಪಗೆ ಉರಿಯುತ್ತಿದ್ದ ಬಟ್ಟಲನ್ನು ನೋಡುತ್ತಿದ್ದರು. ಹಗ್ಗ ನಿಂತ ಕಡೆಯಲ್ಲಿ ಗೆರೆಯೇನಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದರೆಂದು ನನಗೆ ಅನ್ನಿಸಿತು. ಉಳಿದಿರಲಿಲ್ಲ.

ತುಂಗಮ್ಮನವರು ಕೈ ಬಿಟ್ಟರು. ಸೊಸೆ ಗೌರಮ್ಮನವರ ಕೈಯಿಂದ ಹಾಲು ಕುಡಿದು ಒಳಗೆ ಬಂದಳು. ಮಂಜುನಾಥ ಎಲ್ಲ ಹಿರಿಯರಿಗೆ ನಮಸ್ಕರಿಸುತ್ತ ಬಂದು ಇವರಿಗೂ ನಮಸ್ಕರಿಸಿದ. "ಚಿಕ್ಕವ್ವ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದ. ಒಳ್ಳೆಯ ಹುಡುಗ, ಅವನು ಬೇರೇನೂ ಹೇಳುವಂತಿರಲಿಲ್ಲ. ಇವರು ಊಟ ಮಾಡಿಯೇ ಹೊರಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ, ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಶಿಕಾರಿಪುರದ ಕೆರೆಯ ಏರಿ ಕಂಡಾಗ ನನಗೆ, "ಬಟ್ಟಲು ಚೆಂದ ಬಂದಿತ್ತು" ಎಂದರು.

ಮರುದಿನ ಬೆಳಗ್ಗೆ ಅವರು ಗಂಡನಿಗೆ, "ಕೈ ತೊಳೀರಿ, ರೊಟ್ಟಿ ಹಾಕ್ತೀನಿ" ಎಂದರು. ರಂಗಪ್ಪನವರು ರೊಟ್ಟಿಯನ್ನು ಅಲ್ಲಿಯೇ ಬಿಟ್ಟು ನನ್ನ ಕೋಣೆಗೆ ಓಡಿಬಂದು, "ಮೇಷ್ಟ್ರೇ, ಮಾತಾಡಿದ್ಲು ಕಣ್ರಿ" ಎಂದರು. ಅವರ ಕಣ್ಣು ತುಂಬಿತ್ತು. ನೆರೆಹೊರೆಯವರೂ ಸಂತೋಷಪಟ್ಟರು. ಅಂದಿನಿಂದ ಆ ಮನೆಯಲ್ಲಿ ಎಲ್ಲ ಮನೆಗಳಲ್ಲಿರುವಂತೆ ಮಾತಿತ್ತು. ಸ್ನಾನಕ್ಕೆ ನೀರು ಕಾದಿದೆ, ಸಂತೆಯಿಂದ ಮೆಣಸಿನಕಾಯಿ ತನ್ನಿ, ಬಾಗಿಲು ಹಾಕಿಕೊಳ್ಳಿ. ದೂರದ ನೆಂಟರೊಂದಿಗೆ ಆಡುವಷ್ಟೇ ಮರ್ಯಾದೆಯ, ಅಷ್ಟೇ ಅಳತೆಯ ಮಾತು. ಕಂಬದ ಕಡೆ ಅವರು ಮತ್ತೆ ತಿರುಗಲಿಲ್ಲ. ಬೋಳುತಲೆಯ ಹಾಸ್ಯವೂ ಅದರೊಂದಿಗೆ ನಿಂತುಹೋಯಿತು.

ರಂಗಪ್ಪನವರು ಉತ್ಸಾಹದಿಂದ ಚರಕಿಗೆ ಹೊಸ ಮರ ಏರಿಸಿ ಕರೆದರು. ತುಂಗಮ್ಮನವರು ಅಡಿಗೆಮನೆಯಿಂದ ಹೊರಗೆ ಬಂದು ನಿಂತರು, ಕುಳಿತುಕೊಳ್ಳಲಿಲ್ಲ.

"ಹಗ್ಗ ಬೇರೆಯೋರಿಗೆ ಕೊಡ್ರಿ."

"ಯಾಕೆ? ಮೈಗೆ ಹುಷಾರಿಲ್ವೇನು?"

"ಮೈಗೆ ಏನಾಗೈತೆ."

"ಮತ್ತೆ?"

"ಮಾತಾಡ್ತಿದೀನಲ್ರೀ. ಇನ್ನೇನು ಬೇಕು?"

ಕೆಲವು ವಾರಗಳ ಅನಂತರ ನಾನೇ ಧೈರ್ಯಮಾಡಿ ಕೇಳಿದೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ ಹೇಳಿದರು: "ಆವಾಗ ಸಿಟ್ಟಿತ್ತು ಮೇಷ್ಟ್ರೇ. ಸಿಟ್ಟು ಇದ್ದಾಗ ರಟ್ಟೆಗೆ ಬಲ ಇರ್ತೈತೆ. ಒಂದಲ್ಲ ಒಂದಿನ ಈ ಮನುಷ್ಯ ನನ್ನ ಕಡೆ ನೋಡ್ತಾರೆ ಅಂತ ಎಳೀತಿದ್ದೆ. ನೋಡ್ಲಿಲ್ಲ. ಈಗ ಸಿಟ್ಟೂ ಇಲ್ಲ."

ಹಗ್ಗಕ್ಕೆ ಯಾರು ಯಾರೋ ಬಂದರು. ಯಾರ ಕೈಯಲ್ಲೂ ಅರಗು ಹತ್ತಲಿಲ್ಲ. ರಂಗಪ್ಪನವರು ಕ್ರಮೇಣ ಬಟ್ಟಲು ಬಿಟ್ಟು, ಬಣ್ಣ ಬೇಡದ ಲಟ್ಟಣಿಗೆ, ಕಡಗೋಲುಗಳನ್ನು ಕಡೆಯತೊಡಗಿದರು. ಮನೆಯ ತುಂಬ ಬಿಳಿಯ ಮರದ ಹೊಟ್ಟು. ಗೂಡಿನಲ್ಲಿದ್ದ ಕೆಂಪು, ಹಳದಿ, ಹಸಿರು ಅರಗಿನ ಕಡ್ಡಿಗಳ ಮೇಲೆ ಧೂಳು ಕೂತು ಎಲ್ಲವೂ ಒಂದೇ ಬಣ್ಣಕ್ಕೆ ಬಂದವು. ಮರುವರ್ಷ ನನಗೆ ವರ್ಗವಾಯಿತು.

ಅನಂತರ ಒಮ್ಮೆ ಮಾತ್ರ ಆ ಮನೆಗೆ ಹೋದೆ. ತುಂಗಮ್ಮನವರನ್ನು ನಾನು ಕಂಡದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರೆಂಬ ಸುದ್ದಿ ಬಹಳ ತಡವಾಗಿ ತಲುಪಿತು. ಅಂದು ಅವರು ಜಗಲಿಯ ಮೇಲೆ ಕುಳಿತಿದ್ದರು, ಸೊರಗಿದ್ದರು. ನನ್ನನ್ನು ಕೂರಿಸಿ, ಕುಶಲ ವಿಚಾರಿಸಿ, ಮೊರವನ್ನು ಬದಿಗಿಟ್ಟು ಬಲಗೈಯನ್ನು ನನ್ನ ಮುಂದೆ ಚಾಚಿದರು. ದಪ್ಪ ಚರ್ಮ ಸುಲಿದುಹೋಗಿ ಅಂಗೈ ತೆಳ್ಳಗೆ, ಮೆತ್ತಗೆ ಆಗಿತ್ತು. ಅದರಲ್ಲಿ ಹಸುಗೂಸಿನ ಕೈಯಲ್ಲಿರುವಂಥ ನವಿರಾದ ಗೆರೆಗಳು ಮೂಡಿದ್ದವು.

"ನೋಡ್ರಿ ಮೇಷ್ಟ್ರೇ, ವಾಪಸ್ ಬರ್ತಾ ಅದಾವೆ. ಆ ಕಣಿಯೋಳು ಬಂದ್ರೆ ಕೂರಿಸಿ ಓದಿಸ್ಬೇಕು."

"ಓದಿದರೆ ಏನು ಹೇಳಿಯಾಳು?"

"ಏನು ಹೇಳ್ತಾಳೆ," ಎಂದು ಅವರು ಅಂಗೈಯನ್ನು ಮಡಿಚಿಕೊಂಡರು. "ಒಂದು ಗಂಡುಮಗು ಐತೆ ಅಂತಾಳೆ."